ಸರ್ ಮಿರ್ಜಾ ಇಸ್ಮಾಯಿಲರ ನಗರಕಾರ್ಯ

ಹೊಸಪೇಟೆಯು 2021ನೆಯ ಇಸವಿಯಲ್ಲಿ ವಿಜಯನಗರ ಜಿಲ್ಲೆಯ ಮುಖ್ಯಸ್ಥಳವಾದಂದಿನಿಂದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಜನರು ತಮ್ಮ ಕಚೇರಿ ಕೆಲಸಗಳಿಗೆ ಆ ಊರಿಗೆ ಹೋಗಿಬರುವುದು ರೂಢಿಯಾಗಿದೆ. ಜಿಲ್ಲಾಸ್ಥಾನದ ಮರ್ಯಾದೆ ಪಡೆದ ಪಟ್ಟಣವು ಹೇಗೆ ಬೆಳೆಯಬೇಕು, ಅದರ ಬೀದಿಗಳಿಗೆ ಎಷ್ಟು ಅಗಲ ಬೇಕು, ಗಟಾರದ ನೀರು ಎತ್ತ ಹರಿಯಬೇಕು, ಮರಗಳನ್ನು ಯಾರು ನೆಡಬೇಕು, ನೆಟ್ಟ ಮೇಲೆ ಯಾರು ನೀರೆರೆಯಬೇಕು ಎಂಬ ಚರ್ಚೆಯು ನಮ್ಮ ಇಟ್ಟಿಗಿಯ ಚಹದಂಗಡಿಯ ಕಟ್ಟೆಯ ಮೇಲೂ ನಡೆಯುವುದನ್ನು ನಾವು ಕೇಳಿದ್ದೇವೆ. ಅಂಥ ಚರ್ಚೆಯು ಕಾವೇರಿದಾಗ ಹಿರಿಯರೊಬ್ಬರಾದರೂ ಮಿರ್ಜಾ ಸಾಹೇಬರ ಹೆಸರನ್ನೆತ್ತದೆ ಬಿಡುವುದಿಲ್ಲ. ಮಿರ್ಜಾ ಸಾಹೇಬರಿದ್ದಿದ್ದರೆ ಈ ಊರು ಹೀಗಿರುತ್ತಿತ್ತೇ ಎಂಬುದು ಆ ಮಾತಿನ ಧಾಟಿ. ಅವರು ಕಾಲವಶರಾಗಿ ಅರವತ್ತು ವರುಷಗಳ ಮೇಲಾಗಿದ್ದರೂ ಅವರ ಹೆಸರಿಗೆ ಈ ಬಲವಿರುವುದು ಸಾಮಾನ್ಯ ಸಂಗತಿಯಲ್ಲ. ಆದಕಾರಣ ಅವರ ಜೀವಿತವನ್ನೂ, ವಿಶೇಷವಾಗಿ ಅವರ ನಗರಕಾರ್ಯವನ್ನೂ, ಭಕ್ತಿಯಿಂದಲೂ ಅಲ್ಲ ದ್ವೇಷದಿಂದಲೂ ಅಲ್ಲ ಎಂಬಂತೆ ವಾಚಕರ ಮುಂದಿಡಬೇಕೆಂದು ನಾವು ಬಗೆದಿದ್ದೇವೆ.

ನಮ್ಮ ಸೀಮೆಗೂ ಅವರಿಗೂ ನೇರವಾದ ಸಂಬಂಧವಿರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಅವರು ದಿವಾನರಾಗಿದ್ದ ಕಾಲದಲ್ಲಿ ನಾವು ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆಯವರು. 1953ನೆಯ ಅಕ್ಟೋಬರ್ 1ರಂದು ಮಾತ್ರ ನಾವು ಮೈಸೂರಿಗೆ ಸೇರಿದೆವು. ಹರಪನಹಳ್ಳಿಯನ್ನು ದಾಟಿ ದಕ್ಷಿಣಕ್ಕೆ ನಡೆದರೆ ಮೈಸೂರು ಸಂಸ್ಥಾನದ ಗಡಿ ಸಿಕ್ಕುತ್ತಿತ್ತು. ದಾವಣಗೆರೆಯ ಪೇಟೆಗೆ ಹತ್ತಿಯನ್ನೋ ಶೇಂಗಾವನ್ನೋ ಹೇರಿಕೊಂಡು ಹೋದ ನಮ್ಮ ಹಿರಿಯರು ಗಡಿ ದಾಟಿದೊಡನೆ ಬಂಡಿಯ ಗಾಲಿಯ ಸದ್ದೇ ಬೇರೆಯಾಗುತ್ತಿತ್ತೆಂದು ಹೇಳುತ್ತಿದ್ದರು. ಇದರಲ್ಲಿ ಉತ್ಪ್ರೇಕ್ಷೆ ಎಷ್ಟೋ ಇರಬಹುದು. ನೆರೆಮನೆಯ ಅಂಗಳ ಯಾವಾಗಲೂ ಹಸುರಾಗಿಯೇ ಕಾಣುತ್ತದೆ. ಆದರೂ ಕನ್ನಡಿಗರೇ ನಡೆಸುವ ಕನ್ನಡ ಸಂಸ್ಥಾನವೊಂದು ಅಲ್ಲಿದೆ, ಅದರ ಊರುಗಳು ಅಚ್ಚುಕಟ್ಟಾಗಿವೆ ಎಂಬ ಅಭಿಮಾನವು ಪರಾಧೀನರಾದ ನಮ್ಮವರಲ್ಲಿ ಏಕೀಕರಣದ ಆಸೆಗೆ ನೀರೆರೆಯಿತೆಂಬುದು ನಿಜ.

ಮಿರ್ಜಾ ಮಹಮ್ಮದ್ ಇಸ್ಮಾಯಿಲರು 1883ನೆಯ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಅಜ್ಜ ಆಗಾ ಅಲಿ ಅಸ್ಕರರು 1824ರ ಸುಮಾರಿಗೆ ಪಾರಸೀಕ ದೇಶದ ಶಿರಾಜ್ ಪಟ್ಟಣದಿಂದ ಕುದುರೆಗಳನ್ನು ಹೊಡೆದುಕೊಂಡು ಬಂದ ವರ್ತಕರು. ಮುಮ್ಮಡಿ ಕೃಷ್ಣರಾಜ ಒಡೆಯರ ಲಾಯಕ್ಕೂ ಆಂಗ್ಲರ ದಂಡಿಗೂ ಅವರು ಕುದುರೆಗಳನ್ನು ಒದಗಿಸಿ ಧನಾರ್ಜನೆ ಮಾಡಿದರು; ಬಳಿಕ ಬೆಂಗಳೂರಿನ ದಂಡುಪ್ರದೇಶದಲ್ಲಿ ಹಲವು ಬಂಗಲೆಗಳನ್ನು ಕಟ್ಟಿಸಿದರು. ಅವರ ಹೆಸರಿನ ರಸ್ತೆಯು ಆ ನಗರದಲ್ಲಿ ಇಂದಿಗೂ ಇದೆ. ಊರನ್ನು ಕಟ್ಟುವ ಚಟವು ಮನೆತನದಲ್ಲಿಯೇ ಬಂದಿತ್ತೆಂದು ಯಾರಾದರೂ ಅಂದರೆ ನಾವು ಅಲ್ಲಗಳೆಯೆವು. ತಂದೆ ಆಗಾ ಜಾನರು ಅರಮನೆಯ ಸೇವೆಯಲ್ಲಿದ್ದರು.

ಬಾಲಕ ಮಿರ್ಜಾ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ಒಂದು ಚಿಕ್ಕ ಪಾಠಶಾಲೆ. ಎಳೆಯ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವಿದ್ಯೆ ಕಲಿಸಲು ಸ್ಟುವರ್ಟ್ ಫ್ರೇಜರ್ ಎಂಬ ಸಿವಿಲ್ ಅಧಿಕಾರಿಯನ್ನು ನೇಮಿಸಿದಾಗ, ಜತೆಗೆ ಓದಲು ಆರಿಸಿದ ಕೆಲವೇ ಹುಡುಗರಲ್ಲಿ ಇವರೂ ಒಬ್ಬರು. ರಾಜರಿಗಿಂತ ಇವರು ಕೆಲವು ತಿಂಗಳು ಹಿರಿಯರು. ಅಲ್ಲಿ ಬೆಳೆದ ಸ್ನೇಹವು 1940ನೆಯ ಆಗಸ್ಟ್ 3ರಂದು ಮಹಾರಾಜರು ಸ್ವರ್ಗಸ್ಥರಾಗುವವರೆಗೂ ಮುರಿಯಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪೋಲೀಸು ಇಲಾಖೆಯಲ್ಲಿ ಕೆಲಕಾಲವಿದ್ದು, ಅರಮನೆಗೆ ಬಂದು, ಹಜೂರ್ ಕಾರ್ಯದರ್ಶಿಗಳಾಗಿ, 1922ರಲ್ಲಿ ಮಹಾರಾಜರ ಆಪ್ತ ಕಾರ್ಯದರ್ಶಿಗಳಾಗಿ, 1926ರಲ್ಲಿ ಆಲ್ಬಿಯನ್ ಬ್ಯಾನರ್ಜಿಯವರ ತರುವಾಯ ಅವರು ದಿವಾನರಾದರು. ಆಗ ಅವರಿಗೆ ನಾಲ್ವತ್ತಮೂರು ತುಂಬಿರಲಿಲ್ಲ.

ಅವರಿಗೆ ದೊರೆತ ಬೆಂಗಳೂರು ಬರಿಯ ಬಯಲಾಗಿರಲಿಲ್ಲ. 1898ರ ಮಹಾಮಾರಿ ಪ್ಲೇಗಿನ ಹೊಡೆತಕ್ಕೆ ಸಿಕ್ಕಿದ ಹಳೆಯ ಪೇಟೆಯ ಇಕ್ಕಟ್ಟನ್ನು ಕಂಡು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿಯೇ ಮಲ್ಲೇಶ್ವರ, ಬಸವನಗುಡಿಗಳೆಂಬ ವಿಶಾಲವಾದ ಬಡಾವಣೆಗಳು ಹುಟ್ಟಿದ್ದವು. 1905ರಲ್ಲಿ ವಿದ್ಯುದ್ದೀಪ ಬಂದಿತ್ತು. ಮೈಸೂರು ನಗರದಲ್ಲಿ 1903ರಲ್ಲಿಯೇ ನಗರಾಭಿವೃದ್ಧಿ ಮಂಡಲಿಯೊಂದು ಏರ್ಪಟ್ಟಿತ್ತು. ಇಂಥ ಮಂಡಲಿಗಳಲ್ಲಿ ಅದು ದೇಶದಲ್ಲಿಯೇ ಮೊದಮೊದಲಿನದು. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕಟ್ಟೆಗೆ ಕೈಹಾಕಿಸಿದ್ದರು. ಹೀಗಿರುವಲ್ಲಿ ಸರ್ ಮಿರ್ಜಾ ಅವರು ತಂದ ಹೊಸದೇನು ಎಂದು ವಾಚಕರು ಕೇಳಬಹುದು. ನಮಗೆ ತೋರುವಂತೆ ಅವರು ತಂದದ್ದು ಕಣ್ಣು. ಹಿಂದಿನವರು ಊರಿಗೆ ನೀರು, ಬೆಳಕು, ನಿವೇಶನಗಳನ್ನು ಕೊಟ್ಟರು. ಇವರು ಊರನ್ನು ನೋಡಿದರು.

ಆ ನೋಡುವ ಕ್ರಮವು ಪ್ರಸಿದ್ಧವಾದುದು. ಬೆಳಗಿನ ಜಾವದಲ್ಲಿ ಕುದುರೆಯನ್ನೇರಿ ಅವರು ಬೀದಿ ಬೀದಿ ಸುತ್ತುತ್ತಿದ್ದರು. ಕೆಟ್ಟುಹೋದ ದೀಪ, ಮುರಿದ ಕಟಾಂಜನ, ಗೋಡೆಯ ಮೇಲಿನ ಬಳಿತ, ಕಟ್ಟಿಕೊಂಡ ಗಟಾರ, ಒಣಗಿದ ಸಸಿ, ಏನೊಂದೂ ಆ ದೃಷ್ಟಿಯಿಂದ ತಪ್ಪುತ್ತಿರಲಿಲ್ಲ. ಕಚೇರಿ ತೆರೆಯುವ ಹೊತ್ತಿಗೆ ಸಂಬಂಧಪಟ್ಟ ಅಧಿಕಾರಿಗೆ ಚೀಟಿ ತಲುಪಿರುತ್ತಿತ್ತು. ಮಹಾ ದಿವಾನರೊಬ್ಬರು ದೀಪದ ಬುರುಡೆಯ ಲೆಕ್ಕ ಹಿಡಿಯುವುದೇ ಎಂದು ನಕ್ಕವರುಂಟು. ಆದರೆ ಕಚೇರಿಗಳ ಒಳಗನ್ನು ಬಲ್ಲ ನಮ್ಮ ವಾಚಕರಲ್ಲಿ ಅನೇಕರಿಗೆ ಆ ಚೀಟಿಯ ಮಹಿಮೆ ತಿಳಿದಿದೆ. ಸಾವಿರ ರೂಪಾಯಿಯ ಯೋಜನೆಗೆ ರುಜು ಹಾಕುವುದು ಸುಲಭ. ಮೂರನೆಯ ತಿರುವಿನ ನಾಲ್ಕನೆಯ ಕಂಬದ ದೀಪ ನಿನ್ನೆಯೂ ಹೊತ್ತಿರಲಿಲ್ಲ, ಇಂದೂ ಹೊತ್ತಲಿಲ್ಲ ಎಂದು ಮೇಲಿನವರು ಬಲ್ಲರೆಂಬ ಅಂಜಿಕೆಯು ಕೆಳಗಿನವರಲ್ಲಿ ಇರುವುದು ದುರ್ಲಭ.

ಕಣ್ಣಿನೊಡನೆ ಜನರನ್ನು ಕೂಡಿಸುವ ಬುದ್ಧಿಯೂ ಅವರಿಗಿತ್ತು. ನಗರವನ್ನು ಒಬ್ಬನೇ ಕಟ್ಟಲಾರನು. ತೋಟಗಾರಿಕೆಗೆ ಲಾಲಬಾಗಿನ ಕ್ರುಂಬಿಗಲ್ಲರಿದ್ದರು. ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡೆಯ ಗಾಯಕವಾಡರ ಸೇವೆಯಲ್ಲಿದ್ದು, 1908ರಲ್ಲಿ ಮೈಸೂರಿಗೆ ಬಂದ ಈ ಪುರುಷರು ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ಆರಿಸಿ ನೆಡಿಸಿದ ರೀತಿಯು ವಿಚಿತ್ರವಾದುದು. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು. ವರುಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು ಎಂಬುದು ಅವರ ಲೆಕ್ಕ. 1932ರಲ್ಲಿ ಅವರು ನಿವೃತ್ತರಾದ ಮೇಲೆ ನಮ್ಮವರೇ ಆದ ಎಚ್. ಸಿ. ಜವರಾಯರು ಆ ಭಾರವನ್ನು ಹೊತ್ತರು. ಕ್ರುಂಬಿಗಲ್ಲರು ಬೆಂಗಳೂರನ್ನು ಬಿಟ್ಟು ಹೋಗಲಿಲ್ಲ. 1956ರಲ್ಲಿ ಅಲ್ಲಿಯೇ ತೀರಿಕೊಂಡರು.

1939ರಲ್ಲಿ ಸರ್ ಮಿರ್ಜಾ ಅವರು ಮತ್ತೊಬ್ಬ ಜರ್ಮನರನ್ನು ಕರೆಸಿಕೊಂಡರು. ಹಿಟ್ಲರನ ಕಾಟದಿಂದ ತಾಯ್ನಾಡನ್ನು ತೊರೆದಿದ್ದ ಯಹೂದಿ ಶಿಲ್ಪಿ ಆಟೊ ಕೊನಿಗ್ಸ್‌ಬರ್ಗರರು ಮೈಸೂರು ಸರಕಾರದ ವಾಸ್ತುಶಿಲ್ಪಿಗಳಾದರು. ಇಬ್ಬರ ರುಚಿ ಒಂದೇ ಆಗಿರಲಿಲ್ಲ. ದಿವಾನರಿಗೆ ಗುಮ್ಮಟ, ಕಮಾನು, ಅಲಂಕಾರಗಳು ಬೇಕು. ಶಿಲ್ಪಿಗೆ ಗಾಳಿ ಎತ್ತಣಿಂದ ಬೀಸುತ್ತದೆ, ಬಿಸಿಲು ಯಾವ ಗೋಡೆಯನ್ನು ಸುಡುತ್ತದೆ ಎಂಬುದು ಮುಖ್ಯ. ಆದರೂ ತಮ್ಮ ರುಚಿಗೆ ಒಗ್ಗದ ಪರಿಣತನನ್ನು ಕರೆದು ಕೆಲಸ ಕೊಡುವುದು ಎಲ್ಲ ಅಧಿಕಾರಸ್ಥರಿಂದಲೂ ಆಗುವ ಮಾತಲ್ಲ. ಮೈಸೂರಿನಲ್ಲಿ ಕೈ ಪಳಗಿದ ಈ ಶಿಲ್ಪಿಯೇ ಸ್ವತಂತ್ರ ಭಾರತದಲ್ಲಿ ವಸತಿಶಾಖೆಯ ನಿರ್ದೇಶಕರಾದರು. ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯನ್ನು 1948ರಲ್ಲಿ ಬರೆದವರೂ ಅವರೇ.

ಕೃಷ್ಣರಾಜಸಾಗರದ ಕೆಳಗಣ ಬೃಂದಾವನವನ್ನು ಕುರಿತು ಹೆಚ್ಚಿಗೆ ಬರೆಯಬೇಕಾಗಿಲ್ಲ. ಕಾಶ್ಮೀರದ ಶಾಲಿಮಾರಿನ ಮಾದರಿಯಲ್ಲಿ ಸುಮಾರು 60 ಎಕರೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ತೋಟವನ್ನು 1927ರಲ್ಲಿ ತೊಡಗಿ 1932ರ ಹೊತ್ತಿಗೆ ಮುಗಿಸಿದರು. ನಮ್ಮ ಓದುಗರಲ್ಲಿ ಅದನ್ನು ಕಾಣದವರು ವಿರಳ. ಆ ತೋಟದ ಕಾರಂಜಿಗಿಂತ ನಾವು ಹೆಚ್ಚು ಬೆಲೆ ಕಟ್ಟುವುದು ಬೆಂಗಳೂರಿನ ಕುಡಿಯುವ ನೀರಿಗಾಗಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರಕ್ಕೆ. ಅದು 1933ರಲ್ಲಿ ಮುಗಿಯಿತು. 1935ರ ಸೆಪ್ಟೆಂಬರಿನಲ್ಲಿ ಪುರಭವನದ ಪ್ರಾರಂಭೋತ್ಸವವಾಯಿತು. ಊರಿನ ಹಿರಿಯ ಪೌರರಾದ ಕೆ. ಪಿ. ಪುಟ್ಟಣ್ಣಚೆಟ್ಟರ ಹೆಸರನ್ನು ಅದು ಹೊತ್ತಿದೆ. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುದ್ದೀಪದ ಕಾರ್ಖಾನೆಗಳು, 1940ರಲ್ಲಿ ವಾಲಚಂದ ಹೀರಾಚಂದರೊಡನೆ ಕೂಡಿ ಆರಂಭಿಸಿದ ವಿಮಾನ ಕಾರ್ಖಾನೆ, ಇವೆಲ್ಲ ಅದೇ ಹದಿನೈದು ವರುಷಗಳ ಬೆಳೆ. ಕೂಲಿಯವನಿಗೆ ಕೆಲಸವಿಲ್ಲದ ಊರಿನಲ್ಲಿ ಉದ್ಯಾನಕ್ಕೆ ಅರ್ಥವಿಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರೆಂಬುದಕ್ಕೆ ಇದು ಸಾಕ್ಷಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದೆ ಬಿಟ್ಟರೆ ಈ ಪತ್ರಿಕೆಯ ಧರ್ಮಕ್ಕೆ ಚ್ಯುತಿ ಬಂದೀತು.

ಸರ್ ಮಿರ್ಜಾ ಅವರ ದೃಷ್ಟಿಯಲ್ಲಿ ನಗರವು ಅರಸರು ಪ್ರಜೆಗಳಿಗೆ ಕೊಡುವ ಕಾಣಿಕೆ. ಕಾಣಿಕೆ ಪಡೆದವನು ಕೈಮುಗಿಯಬೇಕೇ ಹೊರತು ಲೆಕ್ಕ ಕೇಳಕೂಡದು. 1881ರಿಂದಲೂ ಪ್ರಜಾಪ್ರತಿನಿಧಿ ಸಭೆಯಿದ್ದ ಸಂಸ್ಥಾನವದು. ಸಭೆಯು ಮಾತಾಡಬಹುದಿತ್ತು, ಮಂತ್ರಿಯನ್ನು ಇಳಿಸುವಂತಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿಯ ವಿಷಯದಲ್ಲಿ ಎದ್ದ ಗಲಭೆಯನ್ನು ಸರಕಾರವು ನಿರ್ವಹಿಸಿದ ಬಗೆ ಜನರ ಮನಸ್ಸನ್ನು ನೋಯಿಸಿತು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂಡಬೇಕಾಯಿತು. ಆ ಸಂದರ್ಭದಲ್ಲಿ ದಿವಾನರ ಮತವನ್ನೇ ಮುಂದುಮಾಡಿ ಅವರನ್ನು ಹಳಿದವರೊಡನೆ ನಾವು ಸೇರಲಾರೆವು. ಅವರ ತಪ್ಪು ಮುಸಲ್ಮಾನರದ್ದಲ್ಲ, ದಿವಾನಗಿರಿಯದ್ದು. ಅವರ ಪದವಿಯಲ್ಲಿದ್ದ ಹಿಂದೂ ದಿವಾನರೂ ಜನರ ಕೂಗಿಗೆ ಕಿವಿಗೊಟ್ಟದ್ದು ಅಷ್ಟಕ್ಕಷ್ಟೆ.

1938ನೆಯ ಇಸವಿಯು ಆ ಆಡಳಿತದ ಪರೀಕ್ಷೆಯ ವರುಷ. ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಮುಂದಾಳುತನದಲ್ಲಿ ಕಾಂಗ್ರೆಸ್ಸಿಗರು ನಿಷೇಧವನ್ನು ಲೆಕ್ಕಿಸದೆ ತ್ರಿವರ್ಣಧ್ವಜವನ್ನೇರಿಸಿದರು. ಅದೇ ತಿಂಗಳು 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರಕಾರದ ಲೆಕ್ಕದಲ್ಲೊಂದು, ಜನರ ಲೆಕ್ಕದಲ್ಲೊಂದು. ಜನರ ನೆನಪಿನಲ್ಲಿ ಅದು 32. ಊರೂರಿಗೆ ಮರ ನೆಡಿಸಿದ ಆಡಳಿತವು ಒಂದು ಅಶ್ವತ್ಥದ ನೆರಳಿನಲ್ಲಿ ರಕ್ತ ಚೆಲ್ಲಿಸಿತೆಂಬ ಕಳಂಕವನ್ನು ಎಷ್ಟು ಕಾರಂಜಿಗಳ ನೀರಿನಿಂದಲೂ ತೊಳೆಯಲಾಗದು. ಗುಂಡಿಗೆ ಆಜ್ಞೆ ಕೊಟ್ಟವರು ದಿವಾನರಲ್ಲವೆಂದು ಅವರ ಪಕ್ಷದವರು ವಾದಿಸಬಹುದು. ಬೀದಿಯ ಕೆಟ್ಟ ದೀಪಕ್ಕೂ ತಾವೇ ಹೊಣೆಯೆಂದು ಬಗೆದವರು ಗುಂಡಿಗೆ ಹೊಣೆಯಲ್ಲವೆಂದರೆ ಆ ವಾದವನ್ನು ನಾವು ಒಪ್ಪುವುದೆಂತು?

ಅವರ ಪರವಾಗಿ ಹೇಳಬೇಕಾದುದನ್ನೂ ಹೇಳುತ್ತೇವೆ. ಮುಂದಿನ ತಿಂಗಳು ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದಾಗ ಸರ್ ಮಿರ್ಜಾ ಅವರು ಹಟ ಹಿಡಿಯಲಿಲ್ಲ. ಸಂಸ್ಥಾನದ ಧ್ವಜದ ಜತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಗಾಂಧೀಜಿಯವರು 1927ರಲ್ಲಿ ದೇಹಾಲಸ್ಯದಿಂದ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಮಿಸಿಕೊಂಡಾಗ ಅವರನ್ನು ಸಂಸ್ಥಾನದ ಅತಿಥಿಗಳಾಗಿ ಆದರಿಸಿದವರೂ ಇವರೇ. ಬ್ರಿಟಿಷ್ ಭಾರತದಲ್ಲಿ ಬಾಪೂಜಿಯವರು ಸೆರೆಯಿಂದ ಸೆರೆಗೆ ಓಡಾಡಿದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಆದರೆ ಧ್ವಜಕ್ಕೆ ಜಾಗ ಕೊಟ್ಟಷ್ಟು ಸುಲಭವಾಗಿ ಅಧಿಕಾರಕ್ಕೆ ಜಾಗ ಕೊಡಲಿಲ್ಲ. 1939ರಲ್ಲಿ ಮತ್ತೆ ಸತ್ಯಾಗ್ರಹ ನಡೆದು ಜನ ಸೆರೆಮನೆ ಸೇರಿದರು. ಮೈಸೂರಿಗೆ ಜವಾಬ್ದಾರಿ ಸರಕಾರವು ದೊರೆತದ್ದು ಮಿರ್ಜಾ ಅವರು ಹೋಗಿ ಆರು ವರುಷಗಳ ಮೇಲೆ, 1947ರ ಅಕ್ಟೋಬರಿನಲ್ಲಿ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಜವಾಬ್ದಾರಿ ಸರಕಾರವನ್ನು ಕೇಳಿದವರು ನಾವು. ನಮ್ಮ ಹಿರಿಯರು, ನಮ್ಮಂಥ ಪತ್ರಿಕೆಗಳು. ಪಡೆದೂ ಪಡೆದೆವು. ಬೆಂಗಳೂರಿನ ಪೇಟೆಯೂ ದಂಡೂ 1949ರಲ್ಲಿ ಒಂದೇ ನಗರಸಭೆಗೆ ಸೇರಿದವು. ನಗರಾಭಿವೃದ್ಧಿ ಮಂಡಲಿಯು 1945ರಿಂದ ಇತ್ತು. 1976ರ ಕಾನೂನಿನಿಂದ ಅದರ ಸ್ಥಾನದಲ್ಲಿ ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಆದರೆ ಬೆಳಗಿನ ಸುತ್ತನ್ನು ಯಾರು ವಹಿಸಿಕೊಂಡರು? ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ಸುಗಳ ನಿಲ್ದಾಣ, ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣ. ಕ್ರುಂಬಿಗಲ್ಲರ ಸಾಲುಮರಗಳಲ್ಲಿ ಎಷ್ಟೋ ರಸ್ತೆಯ ಅಗಲಕ್ಕೆ ಬಲಿಯಾದವು. ಇದನ್ನೆಲ್ಲ ಮಾಡಿದವರು ದಿವಾನರಲ್ಲ, ನಾವು ಓಟು ಕೊಟ್ಟು ಕಳಿಸಿದವರ ಆಡಳಿತ. ಅಂದಮೇಲೆ ಏಕಾಧಿಪತ್ಯವೇ ಲೇಸೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಮಿರ್ಜಾ ಅವರ ಏರ್ಪಾಡಿನ ಕೊರತೆಯೇ ಇಲ್ಲಿ ಬಯಲಾಗುವುದೆಂದು ನಮ್ಮ ಅಭಿಪ್ರಾಯ. ಊರನ್ನು ನೋಡುವ ಕಣ್ಣು ಒಬ್ಬರದೇ ಆಗಿತ್ತು. ಅವರು ಕುದುರೆಯಿಂದ ಇಳಿದೊಡನೆ ಆ ಕಣ್ಣು ಮುಚ್ಚಿತು. ಪೌರನಿಗೆ ತನ್ನ ಬೀದಿಯನ್ನು ತಾನು ನೋಡಿಕೊಳ್ಳುವ ಹಕ್ಕೂ ಅಭ್ಯಾಸವೂ ಆ ಹದಿನೈದು ವರುಷಗಳಲ್ಲಿ ಬೆಳೆಯಲಿಲ್ಲ.

ಹಕ್ಕಂತೂ ಈಗ ಇದೆ. 1961ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾನೂನಿನ ಮೇರೆಗೆ ಊರಿನ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕರೆಯಬೇಕು. ಯಾವ ಹೊಲ ನಿವೇಶನವಾಗುತ್ತದೆ, ಯಾವ ಹಳ್ಳದ ದಡವನ್ನು ಬಯಲಾಗಿ ಬಿಡುತ್ತಾರೆ, ರಸ್ತೆ ಯಾರ ಹಿತ್ತಿಲನ್ನು ಸೀಳುತ್ತದೆ ಎಂಬುದೆಲ್ಲ ಆ ನಕ್ಷೆಯಲ್ಲಿ ಬಣ್ಣಬಣ್ಣವಾಗಿ ಬರೆದಿರುತ್ತದೆ. ಗೋಡೆಗೆ ತೂಗುಹಾಕಿದ ಆ ನಕ್ಷೆಯ ಮುಂದೆ ನಿಂತು ನೋಡುವ ಪೌರರೆಷ್ಟು ಮಂದಿ? ನಿವೇಶನದ ದಲ್ಲಾಳಿಗಳು ಮಾತ್ರ ತಪ್ಪದೆ ನೋಡುತ್ತಾರೆಂಬುದು ನಮ್ಮ ಅನುಭವ. ತುಂಗಭದ್ರೆಯ ಕಾಲುವೆ, ಹಂಪೆಗೆ ಬರುವ ಯಾತ್ರಿಕರು, ಸಂಡೂರಿನಿಂದ ಇಳಿಯುವ ಅದಿರಿನ ಲಾರಿಗಳು, ಈಗ ಜಿಲ್ಲಾ ಕಚೇರಿಗಳು, ಇಷ್ಟನ್ನೂ ಹೊತ್ತು ನಿಂತಿರುವ ಹೊಸಪೇಟೆಯ ವಿಷಯದಲ್ಲಿ ನಮ್ಮ ಐದು ತಾಲ್ಲೂಕುಗಳ ಜನರಿಗೂ ಹೇಳುವುದಿದೆ. ಕೃಷ್ಣದೇವರಾಯರು ತಾಯಿ ನಾಗಲಾಂಬಿಕೆಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಈ ಹೊಸಪೇಟೆ. ಅಂದು ರಾಯರು ಯಾರ ಆಕ್ಷೇಪಣೆಯನ್ನೂ ಕರೆಯಲಿಲ್ಲ. ಇಂದು ಕರೆದರೂ ಬರೆದು ಕೊಡುವವರಿಲ್ಲ.

ಚರಿತ್ರೆಯ ಎಳೆಯನ್ನು ಮತ್ತೆ ಹಿಡಿಯುತ್ತೇವೆ. ಬಾಲ್ಯಸ್ನೇಹಿತರಾದ ಮಹಾರಾಜರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮರುವರುಷ, 1941ರಲ್ಲಿ, ಸರ್ ಮಿರ್ಜಾ ಅವರು ರಾಜೀನಾಮೆ ಕೊಟ್ಟರು. 1942ರಲ್ಲಿ ಜಯಪುರದ ಮಹಾರಾಜರು ಅವರನ್ನು ಪ್ರಧಾನಿಯಾಗಿ ಕರೆದುಕೊಂಡರು. ಎರಡು ಶತಮಾನಗಳ ಹಿಂದೆ, 1727ರಲ್ಲಿ, ಸವಾಯಿ ಜಯಸಿಂಹನು ಬಂಗಾಳದ ವಿದ್ಯಾಧರನನ್ನು ಕೂಡಿಕೊಂಡು ಗೆರೆ ಎಳೆದು ಕಟ್ಟಿದ ಊರದು. ನಗರಯೋಜನೆಯನ್ನು ಬಲ್ಲವರಿಗೆ ತೀರ್ಥಕ್ಷೇತ್ರ. ಕೋಟೆಯೊಳಗಣ ಪೇಟೆಬೀದಿಗಳ ಒಪ್ಪವನ್ನು ಮತ್ತೆ ಕಾಣಿಸುವುದೂ ಕೋಟೆಯ ಹೊರಗೆ ಹೊಸ ಬಡಾವಣೆಗಳಿಗೆ ಗೆರೆ ಎಳೆಯುವುದೂ ಅವರ ಪಾಲಿಗೆ ಬಂತು. ದಕ್ಷಿಣದ ಕೋಟೆಗೋಡೆಯ ಹೊರಗೆ ಓಡುವ ಹೆದ್ದಾರಿಗೆ ಆ ಜನರು ಮಿರ್ಜಾ ಇಸ್ಮಾಯಿಲ್ ರಸ್ತೆಯೆಂದೇ ಹೆಸರಿಟ್ಟಿದ್ದಾರೆ. ಪರಸ್ಥಳದ ದಿವಾನನ ಹೆಸರನ್ನು ರಾಜಪುತ್ರರ ಊರು ಇಂದಿಗೂ ದಿನಕ್ಕೆ ಸಾವಿರ ಸಲ ಉಚ್ಚರಿಸುತ್ತದೆ.

ಅಲ್ಲಿಂದ 1946ರಲ್ಲಿ ಹೈದರಾಬಾದಿಗೆ ಹೋದರು. ಇದು ಅವರ ಬಾಳಿನ ಕಷ್ಟದ ಅಧ್ಯಾಯ. ಅಲ್ಲಿ ಉದ್ಯಾನಕ್ಕೆ ಸಮಯವಿರಲಿಲ್ಲ. ದೇಶ ಒಡೆಯುವ ಮಾತು ನಡೆದಿತ್ತು. ಪಾಕಿಸ್ತಾನದ ಕಲ್ಪನೆಯನ್ನೇ ಒಪ್ಪದ ಅವರು ನಿಜಾಮರ ಸಂಸ್ಥಾನವು ಭಾರತದೊಡನೆ ಹೊಂದಿಕೊಂಡು ನಡೆಯಬೇಕೆಂದು ಬಯಸಿದರು. ಜಿನ್ನಾ ಅವರಿಗೆ ಇದು ಹಿಡಿಸಲಿಲ್ಲ. ಇತ್ತೆಹಾದಿನವರು ಅವರನ್ನು ಕಾಲೂರಗೊಡಲಿಲ್ಲ. ಒಂದು ವರುಷ ತುಂಬುವುದರೊಳಗೆ, 1947ರ ಮೇ ತಿಂಗಳಲ್ಲಿ, ಅವರು ಹೊರಬಂದರು. ಮುಂದೆ ರಜಾಕಾರರ ಹಾವಳಿಯಿಂದ ತುಂಗಭದ್ರೆಯ ಆಚೆಯ ಕೊಪ್ಪಳ, ರಾಯಚೂರು ಸೀಮೆಗಳ ಜನರು ಓಡಿಬಂದು ನಮ್ಮ ಕಡೆ ನೆಲೆ ಹುಡುಕಿದ್ದನ್ನು ಹಿರಿಯರ ಬಾಯಿಂದ ಕೇಳಿದ ನಮಗೆ, ಮಿರ್ಜಾ ಅವರ ಮಾತನ್ನು ನಿಜಾಮರು ಕೇಳಿದ್ದರೆ ಎಂಬ ಯೋಚನೆ ಬಾರದಿರದು. ಮೈಸೂರಿನಲ್ಲಿ ಜನರ ಮಾತನ್ನು ಕೇಳದವರು ಹೈದರಾಬಾದಿನಲ್ಲಿ ತಮ್ಮ ಮಾತನ್ನು ಕೇಳುವವರಿಲ್ಲದೆ ಹಿಂತಿರುಗಿದರು.

ಆಮೇಲೆ ಕೆಲಕಾಲ ವಿಶ್ವರಾಷ್ಟ್ರಸಂಸ್ಥೆಯ ಪರವಾಗಿ ಇಂಡೋನೇಷಿಯಾದಲ್ಲಿದ್ದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಆಂಗ್ಲಭಾಷೆಯಲ್ಲಿ ಪ್ರಕಟಿಸಿದರು. 1959ನೆಯ ಜನವರಿ 5ರಂದು, ತಾವು ಹುಟ್ಟಿದ ಬೆಂಗಳೂರಿನಲ್ಲಿಯೇ, ಎಪ್ಪತ್ತೈದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಆ ಹೊತ್ತಿಗೆ ಅವರು ಆಳಿದ ಮೈಸೂರೂ, ಅವರನ್ನು ಸಾಗಹಾಕಿದ ಹೈದರಾಬಾದಿನ ಕನ್ನಡ ಜಿಲ್ಲೆಗಳೂ, ಮದರಾಸಿನಿಂದ ಬಿಡಿಸಿಕೊಂಡ ನಮ್ಮ ಬಳ್ಳಾರಿಯೂ ಒಂದೇ ರಾಜ್ಯವಾಗಿ ಎರಡು ವರುಷಗಳು ಕಳೆದಿದ್ದವು.